ಹೊಳೆಗಿಟ್ಟ ಕಾಲು

“ಅಲ್ಲೇ ನಿಂದ್ರು! ಒದ್ದಿ ಸೀರಿಯಾಗ ಹೊಸ್ತಿಲ ದಾಟಿದ್ರ ಕಾಲು ಮುರೀತೀನಿ!”

ಅತ್ತೆ ಮಲ್ಲಿಕಮ್ಮನ ಕೂಗಿಗೆ ರೇಣಮ್ಮ ಅಂಗಳದಲ್ಲೇ ನಿಂತಳು. ಸೆರಗಿನಿಂದ ಕೃಷ್ಣೆಯ ಕೆಂಪು ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ತುಂಬಿದ ಹೊಳೆಯ ನಡುವಿನಿಂದ ಗಂಡ ಮೌನಪ್ಪನ ಜುಟ್ಟು ಹಿಡಿದು ಅವಳು ದಂಡೆಗೆ ಎಳೆದು ತಂದು ಬಹಳ ಹೊತ್ತಾಗಿರಲಿಲ್ಲ. ಅವನು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತು ನೀರು ಕಾರುತ್ತಿದ್ದ. ತಿಂಥಣಿಯ ಅರ್ಧ ಊರೇ ಅಲ್ಲಿ ನೆರೆದಿತ್ತು. ಮಗಳು ಬಸ್ಸವ್ವ, ಇನ್ನೂ ಹಾಲು ಬಿಡದ ಕೂಸು, ಅವ್ವನ ಕಡೆ ಕೈಚಾಚಿ ಅಳುತ್ತಿತ್ತು. ಮಲ್ಲಿಕಮ್ಮ ಅದನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

“ನಿಮ್ಮ ಮಗನ ಜೀವ ಉಳಿಸೀನಲ್ರಿ ಅತ್ತಿ...”

“ಉಳಿಸಿದಿ? ನೀ ನೀರಾಗ ಕಾಲಿಟ್ಟಿ, ಅದಕ್ಕ ಅವ ಮುಳುಗಿದ! ಗಂಡನ್ನ ನುಂಗಾಕಿ! ಮನಿಹಾಳಿ!”

ನಿಜಾಮರ ಸರ್ಕಾರಕ್ಕೆ ಆ ದಂಡೆಯಲ್ಲಿ ಒಬ್ಬ ಈಜುಗಾರ ಬೇಕಾಗಿದ್ದ. ಹೊಳೆ ತುಂಬಿ ಹರಿಗೋಲು ನಿಂತಾಗ ಟಪ್ಪಾಲಿನ ಚೀಲವನ್ನು ತಲೆಗೆ ಕಟ್ಟಿಕೊಂಡು, ಎದೆಗೆ ಒಣ ಸೋರೆ ಬುರುಡೆ ಬಿಗಿದುಕೊಂಡು ಆಚೆ ದಂಡೆ ಮುಟ್ಟಬೇಕು. ಮುಟ್ಟಿದವನಿಗೆ ಸರ್ಕಾರದ ಪಗಾರ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಅಂದು ಮೌನಪ್ಪನ ಪರೀಕ್ಷೆ ನೋಡಲು ಸುರಪುರದಿಂದ ಜಮಾದಾರ ಕುದುರೆ ಏರಿ ಬಂದಿದ್ದ. ಆದರೆ ಆ ಮನೆತನಕ್ಕೆ ಒಂದು ಕಟ್ಟಳೆಯಿತ್ತು: ಗಂಡ ತುಂಬಿದ ಹೊಳೆಗೆ ಇಳಿದ ಮೇಲೆ ಆಚೆ ದಂಡೆ ಮುಟ್ಟುವ ತನಕ ಹೆಂಡತಿಯ ಕಾಲು ನೀರಿಗೆ ತಾಗಬಾರದು. ತಾಗಿದರೆ ಗಂಗಮ್ಮ ಗಂಡನನ್ನೇ ಕೇಳುತ್ತಾಳಂತೆ!

ಊರ ಹಿರಿಯ ಬಸವಂತ್ರಾಯ ಮೌನಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಖರೇ ಹೇಳಪಾ ತಮ್ಮ. ಮೊದಲ ನೀ ಮುಳುಗಿದ್ಯೋ, ಮೊದಲ ಆಕಿ ಇಳಿದಳೋ?”

ರೇಣಮ್ಮ ಗಂಡನ ಮುಖ ನೋಡಿದಳು. ಅವನು ಎರಡು ಸಲ ಮುಳುಗಿ ಎದ್ದು, “ರೇಣೀ...” ಎಂದು ಕೂಗಿದ ಮೇಲೆ ತಾನೆ ಅವಳು ಹಾರಿದ್ದು? ಕೂಗಿದ ಬಾಯಿ ಅದೇ. ಕಣ್ಣು ಮಾತ್ರ ಜಮಾದಾರನ ಕೈಯಲ್ಲಿದ್ದ ಬಿಲ್ಲೆಯ ಮೇಲಿತ್ತು.

“ಆಕಿ... ಆಕಿ ಇಳಿದ ಮ್ಯಾಲ ನನಗ ಸೆಳವು ಹತ್ತಿತು.”

ಆ ಒಂದು ಮಾತು! ಕೃಷ್ಣೆಯ ಸುಳಿಗಿಂತ ಆಳವಾಗಿ ಅವಳನ್ನು ಎಳೆದುಕೊಂಡು ಹೋಯಿತು.

ಜಮಾದಾರ ಮೀಸೆ ತೀಡಿದ. “ತಪ್ಪು ಹೆಂಗಸಿಂದು. ಆಕಿ ಕುಸೂರಿಗೆ ಗಂಡಸು ಯಾಕ ನೌಕರಿ ಕಳಕೋಬೇಕು? ಮುಂದಿನ ಮಳಿಗಾಲಕ್ಕ ಮತ್ತ ಇಳೀಲಿ, ನೋಡೋಣು.”

“ಕೇಳಿದೇನ?” ಮಲ್ಲಿಕಮ್ಮ ಸೊಸೆಯ ಕಡೆ ತಿರುಗಿದಳು. “ಈ ಮನಿ ಕೂಳು ಬೇಕಂದ್ರ, ಈ ಕೂಸು ಬೇಕಂದ್ರ, ಅವ ಹೊಳಿ ಹಾಯೋತನಕ ಹೊಳಿಗೆ ಕಾಲು ಇಡಂಗಿಲ್ಲ. ನಮ್ಮೂರ ದೇವರು ಮೌನೇಶನ ಆಣಿ ಮಾಡು! ಇಲ್ಲಂದ್ರ ಹೀಂಗ ತವರಿಗೆ ನಡಿ, ಕೂಸು ಇಲ್ಲೇ ಇರ್ತೈತಿ.”

ಕೂಸು ಅಳುತ್ತಲೇ ಇತ್ತು. ರೇಣಮ್ಮ ಆಣೆ ಮಾಡಿದಳು.

ಮಾರನೆಯ ದಿನ ಹಿತ್ತಲಲ್ಲಿ ಮೌನಪ್ಪ ಅವಳ ಕೈ ಹಿಡಿದುಕೊಂಡ. “ಒಂದ ವರ್ಷ ಬಾಯಿ ಮುಚ್ಚಿಕೊಂಡಿರು. ಬಿಲ್ಲಿ ಕೈಗೆ ಬರ್ಲಿ, ಎಲ್ಲಾರ ಮುಂದ ಖರೇ ಹೇಳ್ತೀನಿ.”

“ಬಿಲ್ಲಿ ಬಂದ ಮ್ಯಾಲ ಖರೇ ಹೇಳಾಕ ನಿಮಗ ಬಾಯಿ ಎಲ್ಲಿರ್ತೈತ್ರಿ?” ಎಂದಳು. ಆದರೂ ಸುಮ್ಮನಾದಳು. ಸುಮ್ಮನಾಗುವುದನ್ನೇ ಅಲ್ಲವೇ ನಮ್ಮ ಮನೆಗಳು ಹೆಣ್ಣುಮಕ್ಕಳಿಗೆ ಮೊದಲು ಕಲಿಸುವುದು?

ಅವಳು ಆಚೆ ದಂಡೆಯವಳು. ತಂದೆ ವೆಂಕಪ್ಪ ಹರಿಗೋಲು ಹಾಕುವವನು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳನ್ನೇ ಹೊಳೆಗೆ ಇಳಿಸಿ ಬೆಳೆಸಿದ್ದ. “ನೀರಿನ ಕೂಡ ಜಿದ್ದು ಹಿಡೀಬ್ಯಾಡವ್ವ. ಮ್ಯಾಲಿಂದ ಓರೆ ಬೀಳು, ಹೊಳೀನ ನಿನ್ನ ಒಯ್ದು ಮುಟ್ಟಸ್ತದ. ಉಸಿರು ಮಾತ್ರ ದಿನಾ ಸಾಣಿ ಹಿಡೀಬೇಕು. ಬಿಟ್ಟರ ಕುಡುಗೋಲಿನಂಗ ಜಂಗು ಹಿಡೀತದ.” ಅಪ್ಪ ಸತ್ತು, ಲಗ್ನವಾಗಿ ಇತ್ತ ಬಂದ ಮೇಲೂ ನಸುಕಿನಲ್ಲಿ ನೀರು ತರುವ ನೆಪದಲ್ಲಿ ಈಸುತ್ತಿದ್ದಳು. ಬಿಲ್ಲೆ ಹೆಣ್ಣಿನ ಎದೆಗಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸಾಯುವುದರೊಳಗೆ ತುಂಬಿದ ಹೊಳೆಯನ್ನು ಒಮ್ಮೆ ಹಾದು ತವರಿನ ದಂಡೆ ಮುಟ್ಟಬೇಕು ಎಂಬುದೊಂದೇ ಅವಳ ಆಸೆ.

ಈಗ ಹೊಳೆ ಕಣ್ಣೆದುರೇ ಹರಿಯುತ್ತಿತ್ತು. ಅವಳು ಮಾತ್ರ ಬಿಂದಿಗೆ ಹೊತ್ತು ಊರಾಚೆಯ ಬಾವಿಗೆ ನಡೆಯುತ್ತಿದ್ದಳು. ಬಲೆ ಹೆಣೆದಳು, ಕಂಡವರ ಹೊಲದಲ್ಲಿ ಕಳೆ ಕಿತ್ತಳು, ಗಂಡನ ಗರಡಿಗೆ ಬೆವರು ಸುರಿಸಿದಳು. ಮೌನಪ್ಪ ಬಸ್ಕಿ ಹೊಡೆದ, ಗದೆಯಂಥ ಮರದ ಲೋಡು ತಿರುವಿದ. ಎಮ್ಮೆಯ ಹಾಲೆಲ್ಲ ಅವನ ಲೋಟಕ್ಕೆ ಹೋಯಿತು. ರೇಣಮ್ಮನ ಎದೆ ಬತ್ತಿದ ಮೇಲೆ ಕೂಸಿಗೆ ಅಂಬಲಿಯೇ ಗತಿಯಾಯಿತು. ಮೌನಪ್ಪನ ರಟ್ಟೆ ಉಬ್ಬಿತು, ತೊಡೆ ಕಂಬವಾಯಿತು. ಹೊಳೆಗಿಳಿದು ಈಸಿದ್ದು ಮಾತ್ರ ಕಡಿಮೆ. ಇಳಿದರೂ ಸೆಳವಿಗೆ ಎದೆಗೊಟ್ಟೇ ಬಡಿದಾಡುತ್ತಿದ್ದ.

“ಓರೆ ಬೀಳ್ರಿ. ತೋಳಿನ ಬಲ ಬ್ಯಾರೆ, ಉಸಿರಿನ ಬಲ ಬ್ಯಾರೆ...”

“ಗಂಡಸರಿಗೆ ಈಸೂದು ಕಲಿಸಾಕ ಬಂದಾಳ ನೋಡ್ರೆಪಾ!” ಎಂದು ಅವನು ನಕ್ಕ. ಮಲ್ಲಿಕಮ್ಮ ಇನ್ನೂ ಜೋರಾಗಿ ನಕ್ಕಳು.

ಮತ್ತೆ ಮಳೆಗಾಲ ಬಂತು. ಮತ್ತೆ ಕೆಂಪು ನೀರು, ಮತ್ತೆ ಅದೇ ಜಮಾದಾರ, ಅದೇ ಬಿಲ್ಲೆ. ಮೌನಪ್ಪ ಸೋರೆ ಬುರುಡೆಯನ್ನು ಬಿಚ್ಚಿ ದಂಡೆಯ ಮೇಲೆ ಎಸೆದ. “ಬುರುಡಿ ಕಟ್ಟಿದ್ದಕ್ಕ ಹೋದ ವರ್ಷ ಮಂದಿ ನಕ್ಕಾರ. ಬರೇ ಮೈಲೇ ಹಾಯ್ತೀನಿ!”

“ಬ್ಯಾಡ್ರಿ! ನಿಮ್ಮ ಕಾಲು ಬೀಳ್ತೀನಿ, ಕಟ್ಟಿಕೋರ್ರಿ...”

“ಬಾಯಿ ಮುಚ್ಚು! ಅಪಶಕುನ ನುಡೀಬ್ಯಾಡ!” ಎಂದು ಅತ್ತೆ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದಳು.

ಅವನು ಹಾರಿದ. ತೋಳು ಬಡಿಯಿತು, ನೊರೆ ಎದ್ದಿತು, ದಂಡೆಯ ಜನ ಕೇಕೆ ಹಾಕಿದರು. ನಡುಹೊಳೆಗೆ ಹೋಗುವಷ್ಟರಲ್ಲಿ ತೋಳು ಸೋತವು. ತಲೆ ಒಮ್ಮೆ ಮುಳುಗಿತು... ಎದ್ದಿತು... ಮತ್ತೆ ಮುಳುಗಿತು.

ಕೇಕೆ ನಿಂತಿತು. ಒಬ್ಬನೂ ನೀರಿಗೆ ಇಳಿಯಲಿಲ್ಲ. ಆಗ ಮಲ್ಲಿಕಮ್ಮನ ಎದೆಯೊಡೆದು ದನಿ ಬಂತು: “ರೇಣೀ! ಹಾರೇ... ಹಾರೇ ನನ್ನವ್ವ! ನನ್ನ ಮಗ...!”

“ನನ್ನ ಕಾಲು ನೀರಿಗೆ ಬಿದ್ರ ಅವರು ಮುಳುಗ್ತಾರಂದ್ರಲ್ರಿ ಅತ್ತಿ?”

ಹಾಗೆನ್ನುತ್ತಲೇ ಅವಳು ಕಚ್ಚೆ ಬಿಗಿದಿದ್ದಳು. ಬುರುಡೆಯನ್ನು ಬಾಚಿ ಎದೆಗೆ ಕಟ್ಟಿಕೊಂಡು, ದಂಡೆಯ ಗುಂಟ ಮೇಲಕ್ಕೆ ಓಡಿ, ಓರೆಯಾಗಿ ಹಾರಿದಳು.

ಹೊಳೆ ಅವಳನ್ನು ಮರೆತಿರಲಿಲ್ಲ. ಉಸಿರು ಮರೆತಿತ್ತು. ಒಂದು ವರ್ಷದ ಜಂಗು! ಎದೆಯಲ್ಲಿ ಕೆಂಡ ಸುರಿದಂತಾಯಿತು. ಹೇಗೋ ಮುಟ್ಟಿದಳು. ಮೌನಪ್ಪ ಅವಳ ಕೊರಳನ್ನೇ ತಬ್ಬಿಕೊಂಡ. ಇಬ್ಬರೂ ಮುಳುಗಿದರು, ಎದ್ದರು.

“ಕೊರಳ ಬಿಡ್ರಿ, ಬುರುಡಿ ಹಿಡೀರಿ...!”

“ಹೇಳ್ತೀನಿ ರೇಣೀ... ಇವತ್ತ ಎಲ್ಲಾರಿಗೂ ಖರೇ ಹೇಳ್...”

ಸುಳಿ ಬಂದು ಅವನ ಬಾಯಿ ಮುಚ್ಚಿತು. ಅವಳ ಮುಷ್ಟಿಯಲ್ಲಿ ಅವನ ಮಣಿಕಟ್ಟು ಇತ್ತು. ಹೋದ ವರ್ಷವಾಗಿದ್ದರೆ ಅವಳು ಬಿಡುತ್ತಿರಲಿಲ್ಲ... ಹೋದ ವರ್ಷ ಬಿಡಲೂ ಇಲ್ಲ! ಈಗ ಬೆರಳುಗಳು ಒಂದೊಂದಾಗಿ ಜಾರಿದವು.

ಕಣ್ಣು ತೆರೆದಾಗ ಕೆಸರಿನಲ್ಲಿ ಬಿದ್ದಿದ್ದಳು. ತಲೆ ಎತ್ತಿದರೆ ಅಪ್ಪ ಹರಿಗೋಲು ಕಟ್ಟುತ್ತಿದ್ದ ಕಲ್ಲುಗೂಟ. ತವರಿನ ದಂಡೆ! ತುಂಬಿದ ಹೊಳೆಯನ್ನು ಹಾದಿದ್ದಳು.

ತಿಂಥಣಿಯ ದಂಡೆಯಲ್ಲಿ ಜಮಾದಾರನ ಕುದುರೆ ಸುರಪುರದ ಕಡೆ ತಿರುಗಿತ್ತು. ಮಲ್ಲಿಕಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ನಡುನಡುವೆ ಕೈ ಚಾಚಿ, ಹೊಳೆಯಾಚೆಯ ಸೊಸೆಯತ್ತ ಬೆರಳು ತೋರಿಸಿ ಜನರಿಗೆ ಏನನ್ನೋ ಹೇಳುತ್ತಿದ್ದಳು. ಮಾತು ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅವಳ ಸೊಂಟದಲ್ಲಿ ಬಸ್ಸವ್ವನ ಕೆಂಪು ಅಂಗಿ, ಒಂದು ಚುಕ್ಕೆಯಷ್ಟು, ಕಾಣಿಸಿತು.

ನೀರು ಇಳಿಯುವ ತನಕ ಹರಿಗೋಲು ಬಾರದು. ಅಷ್ಟರೊಳಗೆ ಆ ಕೂಸಿಗೆ ಅವ್ವನ ಹೆಸರಿನಲ್ಲಿ ಏನೇನು ಕಲಿಸುತ್ತಾರೋ!

ರೇಣಮ್ಮ ಅಳಲಿಲ್ಲ. ಬಳೆ ಒಡೆದುಕೊಳ್ಳಲೂ ಇಲ್ಲ. ಗೂಟಕ್ಕೆ ಒರಗಿ, ಎದೆಯ ಉರಿ ಆರುವ ತನಕ ಉಸಿರೆಳೆದುಕೊಂಡಳು. ಆಮೇಲೆ ಎದ್ದು, ಓರೆ ಬೀಳಲು ಬೇಕಾದಷ್ಟು ದೂರ ದಂಡೆಯ ಗುಂಟ ಮೇಲಕ್ಕೆ ನಡೆದಳು. ಬುರುಡೆಯ ಹಗ್ಗ ಬಿಗಿದುಕೊಂಡು ನೀರಿನಲ್ಲಿ ಕಾಲಿಟ್ಟಳು.

ಅವಳ ಕಾಲಿನ ದೆಸೆಯಿಂದ ಮುಳುಗುವವರು ಇನ್ನು ಆ ಹೊಳೆಯಲ್ಲಿ ಯಾರೂ ಉಳಿದಿರಲಿಲ್ಲ.