ಸಿಂಗಪುರದ ಒಂದೇ ಸೀಟು

"ಇಲ್ಲಿ ಯಾರಾದ್ರೂ ಕೂತಿದಾರಾ, ಇಲ್ಲಾ ಈ ಬ್ಯಾಗೂ ಪರೀಕ್ಷೆಗೆ ಓದ್ತಿದೆಯಾ?"

ಸೊಲೆನ್ ತಲೆ ಎತ್ತಿದಳು. ಎದುರಿಗೆ ರೆಮಿ ನಿಂತಿದ್ದ. ರೆನ್ ಊರಿನ ಆ ಫ್ರೆಂಚ್ ಬಿಸಿನೆಸ್ ಸ್ಕೂಲಿನಲ್ಲಿ ಅವನನ್ನು ಅರಿಯದವರಿರಲಿಲ್ಲ. ಗುರುವಾರದ ಪಾರ್ಟಿಗಳೆಲ್ಲ ಅವನ ಮುಂದಾಳತ್ವದಲ್ಲೇ ನಡೆಯುತ್ತಿದ್ದವು. ಲೈಬ್ರರಿಯಲ್ಲಿ ಅವನನ್ನು ಕಂಡದ್ದು ಮಾತ್ರ ಇದೇ ಮೊದಲು.

"ದಾರಿ ತಪ್ಪಿ ಬಂದ್ಯಾ? ಬಾರ್ ಕೆಳಗಿದೆ," ಎಂದಳು.

"ಫೈನಾನ್ಸಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂದಿದೆ. ದಾರಿ ತಪ್ಪಿರೋದು ಅಲ್ಲಿ."

ಅವನು ನಕ್ಕ. ನಗುವಾಗ ಎಡಗಣ್ಣು ಒಂಚೂರು ಜಾಸ್ತಿಯೇ ಮುಚ್ಚಿಕೊಳ್ಳುತ್ತಿತ್ತು. ಸೊಲೆನ್ ಬೇಕಂತಲೇ ಪುಸ್ತಕದ ಕಡೆ ನೋಡಿದಳು. ಆದರೆ ಬ್ಯಾಗು ತೆಗೆದು ಜಾಗ ಮಾಡಿಕೊಟ್ಟಳು.

ಆ ಚಳಿಗಾಲವಿಡೀ ಅವಳು ಅವನಿಗೆ ಫೈನಾನ್ಸ್ ಕಲಿಸಿದಳು, ಅವನು ಅವಳಿಗೆ ಗುರುವಾರಗಳನ್ನು ಕಲಿಸಿದ. ಅಲ್ಲಿಯವರೆಗೆ ಪುಸ್ತಕಕ್ಕೆ ಅಂಟಿಕೊಂಡಿದ್ದ ಹುಡುಗಿ ಮನಸಾರೆ ಕುಣಿದಳು, ಶುಕ್ರವಾರದ ಕ್ಲಾಸಿನಲ್ಲಿ ತೂಕಡಿಸಿದಳು, ಶನಿವಾರದ ಸಂತೆಯಲ್ಲಿ ಅವನ ಕೈಯಿಂದಲೇ ಸಾಸೇಜ್ ಸುತ್ತಿದ ಗಾಲೆಟ್ ದೋಸೆ ಕಚ್ಚಿದಳು. ರೂಮಿನ ಗೆಳತಿ ನಿನೊನ್ ರೇಗಿಸುತ್ತಿದ್ದಳು.

"ಏನಮ್ಮಾ, ಸಿಂಗಪುರ ನೆನಪಿದೆಯಾ, ಅದೂ ಮರ್ತೋಯ್ತಾ?"

ಮರೆಯುವುದುಂಟೇ! ಮೂರನೇ ವರ್ಷ ಎಲ್ಲರೂ ಆರು ತಿಂಗಳು ಪರದೇಶದ ಕಾಲೇಜಿಗೆ ಹೋಗಬೇಕು. ರ‍್ಯಾಂಕಿನ ಪ್ರಕಾರ ಸೀಟು. ಸಿಂಗಪುರಕ್ಕೆ ಇದ್ದದ್ದು ಒಂದೇ ಸೀಟು. ಸೊಲೆನ್‌ಳ ಅಪ್ಪ ಸೇಂಟ್ ಮಾಲೋ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದರು. ಸಿಂಗಪುರದ ಆ ಮಹಾ ಬಂದರನ್ನು ಕಣ್ಣಾರೆ ಕಂಡು, ಹಡಗು ಸಾಗಣೆಯ ವ್ಯವಹಾರ ಕಲಿಯಬೇಕೆಂಬುದು ಅವಳ ಚಿಕ್ಕಂದಿನ ಹಂಬಲ. ಅವಳ ರ‍್ಯಾಂಕ್ ಮೂರು, ಮೇಲಿನ ಇಬ್ಬರಿಗೂ ಬೇರೆ ಊರು ಬೇಕಿತ್ತು. ಸಿಂಗಪುರ ಸೊಲೆನ್‌ದು ಎಂದು ಕ್ಲಾಸಿಗೆಲ್ಲ ಗೊತ್ತು. ಹಾಗಾಗಿ ತಮಗಿರುವ ಮೂರು ಆಯ್ಕೆಗಳಲ್ಲಿ ಒಂದನ್ನು ಅದಕ್ಕೆ ಹಾಳುಮಾಡಲು ಯಾರೂ ಹೋಗಲಿಲ್ಲ.

ರೆಮಿಯ ರ‍್ಯಾಂಕ್ ಅರವತ್ತೆರಡು.

"ನನಗೆ ಸಿಗೋದು ಲಿಸ್ಬನ್ ಒಂದೇ," ಎಂದಿದ್ದ ಏಪ್ರಿಲ್‌ನಲ್ಲಿ, ಅವಳ ಕೂದಲನ್ನು ಬೆರಳಿಗೆ ಸುತ್ತುತ್ತ. "ನೀನೂ ಬಾ. ಆರು ತಿಂಗಳು, ನಾವಿಬ್ಬರೇ."

"ನನಗೇನು ಹುಚ್ಚಾ?"

"ಹಿಡೀಬಾರ್ದಾ, ಒಂದ್ಸಲ?"

ಹಿಡಿಯಿತು. ಸೊಲೆನ್ ಮೊದಲ ಆಯ್ಕೆಯಾಗಿ ಲಿಸ್ಬನ್ ತುಂಬಿದಳು. ಬೈಗುಳಕ್ಕೆ ಹೆದರಿ ನಿನೊನ್‌ಗೂ ಹೇಳಲಿಲ್ಲ. ಸಿಂಗಪುರ ಬಿಟ್ಟದ್ದು ಗೊತ್ತಿದ್ದದ್ದು ರೆಮಿಗೆ ಮಾತ್ರ.

ಮಂಗಳವಾರ ಬೆಳಿಗ್ಗೆ ಪಟ್ಟಿ ಬಂತು.

"ಇದೇನೇ ಸೊಲೆನ್?" ನಿನೊನ್ ಚೀರಿದಳು. "ಸಿಂಗಪುರದ ಮುಂದೆ ರೆಮಿ ಹೆಸರಿದೆ!"

ಸೊಲೆನ್‌ಳ ಹೆಸರು ಲಿಸ್ಬನ್ ಮುಂದಿತ್ತು. ಮೊದಲು ಅವಳು ಕಚೇರಿಯವರು ಏನೋ ತಪ್ಪು ಮಾಡಿದ್ದಾರೆ ಎಂದುಕೊಂಡಳು. ಪ್ರೀತಿಸಿದವರ ಬುದ್ಧಿಯೇ ಇಷ್ಟು, ಕಣ್ಣೆದುರಿನ ಮೋಸವನ್ನೂ ಗುಮಾಸ್ತರ ತಲೆಗೆ ಕಟ್ಟುತ್ತದೆ.

ಕಚೇರಿಯ ಹೆಂಗಸು ಸೀಟು ಅದಲುಬದಲಿನ ಅರ್ಜಿ ಕೊಟ್ಟಳು. "ಇಬ್ಬರ ಸಹಿಯೂ ಬೇಕು. ಇವತ್ತು ಐದು ಗಂಟೆಯೊಳಗೆ ಕೊಡಿ, ನಾಳೆ ತಗೊಳಲ್ಲ."

ರೆಮಿ ಕ್ಯಾಂಪಸ್ಸಿನ ಬೆಂಚಿನ ಮೇಲೆ ಸಿಕ್ಕ.

"ನಾನೇ ಹೇಳೋಣ ಅಂತಿದ್ದೆ."

"ಯಾವತ್ತು ಬದಲಾಯಿಸ್ದೆ?"

"ಭಾನುವಾರ. ಅವತ್ತೇ ಕೊನೇ ದಿನ ಇತ್ತಲ್ಲ."

"ಭಾನುವಾರ ನೀನು ನಮ್ಮನೇಲಿದ್ದೆ ಕಣೋ. ಅಮ್ಮ ಕೋಳಿ ಮಾಡಿದ್ಲು. ಎರಡು ಸಲ ಹಾಕಿಸ್ಕೊಂಡೆ. ಊಟಕ್ಕೆ ಮುಂಚೆನಾ, ಆಮೇಲಾ?"

"ಚೀಸ್ ಆದ್ಮೇಲೆ, ಸಿಹಿಗೆ ಮುಂಚೆ... ಕೈ ತೊಳೆಯೋಕೆ ಹೋದಾಗ, ಫೋನಲ್ಲಿ. ಸುಮ್ನೆ ಖಾಲಿ ಹೋಗುತ್ತಲ್ಲ ಸೀಟು ಅನ್ನಿಸ್ತು."

"ಅದು ಖಾಲಿ ಆಗಿದ್ದೇ ನಿನಗೋಸ್ಕರ!"

ಕೈ ತೊಳೆದು ಬಂದವನು ಅಮ್ಮನ ಸೇಬಿನ ಟಾರ್ಟನ್ನು ಬಾಯ್ತುಂಬ ಹೊಗಳಿದ್ದ. ಮೇಜಿನ ಕೆಳಗೆ ಅವಳ ಬೆರಳು ಹಿಡಿದಿದ್ದ. ಆಗ ಅವನ ಕೈ ಇನ್ನೂ ಒದ್ದೆಯಾಗಿತ್ತು.

"ಪ್ರೀತಿ ಸುಳ್ಳಲ್ಲ ಸೊಲೆನ್. ಲಿಸ್ಬನ್‌ಗೆ ಕರೆದಾಗ ನಿಜವಾಗ್ಲೂ ಕರೆದಿದ್ದೆ."

"ಹಾಗಾದ್ರೆ ಸಹಿ ಹಾಕು."

ತನ್ನ ಸಹಿಯನ್ನು ಮೊದಲೇ ಹಾಕಿ ತಂದಿದ್ದಳು. ರೆಮಿ ಪೆನ್ನು ತೆಗೆದುಕೊಂಡ. ಅರ್ಜಿಯನ್ನು ಮೇಲಿಂದ ಕೆಳಗೆ ಓದಿದ, ಮತ್ತೆ ಮೇಲಿಂದ ಓದಿದ. ಆ ಒಂದು ಗಳಿಗೆ, ನಾಚಿಕೆಬಿಟ್ಟು ಹೇಳಬೇಕೆಂದರೆ, ಅವಳು ಅವನನ್ನು ಕ್ಷಮಿಸಲು ತಯಾರಾಗಿದ್ದಳು.

"ಅಪ್ಪ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿಬಿಟ್ಟಿದಾರೆ," ಎಂದ. "ನನ್ನ ವಿಷಯಕ್ಕೆ ಅವರು ಹೆಮ್ಮೆಪಟ್ಟಿದ್ದು ಇದೇ ಮೊದಲು. ನಾಳೆ ತನಕ ಟೈಮ್ ಕೊಡು."

"ನಾಳೆ ತಗೊಳಲ್ಲ. ನಿನಗೂ ಗೊತ್ತು."

ಅವನು ಪೆನ್ನಿನ ಮುಚ್ಚಳ ಹಾಕಿ, ಜೋಪಾನವಾಗಿ ಅವಳ ಕೈಗಿಟ್ಟ.

"ಕೋಪ ಇಳಿದ ಮೇಲೆ ಮಾತಾಡೋಣ, ಆಯ್ತಾ?"

ಎದ್ದು, ರೂಢಿಯಂತೆ ಕೆನ್ನೆ ಮುಂದೆ ತಂದ. ಆ ಊರಿನಲ್ಲಿ ಬರೀ ಮುಖಪರಿಚಯದವರೂ ಕೆನ್ನೆಗೆ ಕೆನ್ನೆ ತಾಗಿಸದೆ ಹೊರಡುವುದಿಲ್ಲ. ಸೊಲೆನ್ ಒಂದು ಹೆಜ್ಜೆ ಹಿಂದೆ ಸರಿದು ಕೈ ಚಾಚಿದಳು, ಕೆಲಸದ ಇಂಟರ್‌ವ್ಯೂ ಮುಗಿಸಿ ಹೊರಟವರಂತೆ.

"ಕೈ ಕುಲುಕೋದಾ? ನಾವಿಬ್ಬರೂ?"

"ನಿಮ್ಮ ಪ್ರಯಾಣ ಸುಖವಾಗಿರಲಿ, ಮೊಸ್ಯೆ," ಎಂದಳು, ಗುರುತಿಲ್ಲದ ಗಂಡಸನ್ನು ಕರೆಯುವಂತೆ.

ರೆಮಿ ಆ ಕೈಯನ್ನು ನೋಡುತ್ತಲೇ ನಿಂತ. ಹಿಡಿಯುವ ಧೈರ್ಯ ಬರಲಿಲ್ಲ. ಅವನ ಕಣ್ಣು ತುಂಬಿ ಬಂತು. ಸೊಲೆನ್ ಅವನೆದುರು ಅಳಲಿಲ್ಲ. ಮೆಟ್ಟಿಲ ಬಳಿ ಕಾಯುತ್ತಿದ್ದ ನಿನೊನ್ ತೋಳು ಚಾಚಿದ ಮೇಲೆ ಅತ್ತಳು.