ಒಂದೇ ಹನಿಯೊಳಗಿನ ಗುಳಿಗಳು

ನಮ್ಮ ಲ್ಯಾಬಿನ ಸಹಾಯಕ ಮಾಂಗೇರಾಮ್ ಚಾಚಾ ದಿಲ್ಲಿಯ ಕಸಾಯಿಖಾನೆಯಿಂದ ಥರ್ಮಸ್ಸಿನಲ್ಲಿ ಎಮ್ಮೆಗಳ ಅಂಡಾಶಯ ತರುವ ದಿನ ನಾನು ಬೆಳಿಗ್ಗೆಯೇ ಗುರುದ್ವಾರಕ್ಕೆ ಹೋಗಿ ತಲೆಬಾಗಿ ಬರುತ್ತಿದ್ದೆ. ಸತ್ತ ಜೀವದಿಂದ ಬಂದ ಅಂಡ ನಮ್ಮ ಕೈಯಲ್ಲಿ ಮಾಗಬೇಕು. ಅದಕ್ಕೆ ಬರೀ ಕೈ ಸಾಲದೆಂದು ನನ್ನ ನಂಬಿಕೆ.

ಅಂಥದೊಂದು ದಿನವೇ ಅಂಕುಶ್ ದಹಿಯಾ ಕರ್ನಾಲಿನ ನಮ್ಮ ಲ್ಯಾಬಿಗೆ ಸೇರಿದ್ದು. ಥರ್ಮಸ್ಸಿನ ಮುಚ್ಚಳ ತಿರುಗಿಸುತ್ತಿದ್ದ ನನ್ನನ್ನು ನೋಡಿ, “ನಂಗೂ ಒಂದು ಕಪ್ ಚಹಾ ಕೊಡಿ ಮೇಡಂ” ಎಂದ.

“ಕುಡೀತೀರಾ? ಇಪ್ಪತ್ತು ಎಮ್ಮೆಗಳ ಅಂಡಾಶಯ ಇದೆ.”

ಅವನ ಕಿವಿ ಕೆಂಪಾಯಿತು. ಚಾಚಾ ನಕ್ಕು ನಕ್ಕು ಕೆಮ್ಮಿದರು. “ಸಕ್ಕರೆ ಹಾಕಿಲ್ಲ ಬೇಟಾ, ನೋಡ್ಕೊಂಡು ಕುಡಿ!”

ಆ ಕೆಂಪು ಕಿವಿಗೇ ನಾನು ಸೋತೆನೇನೋ.

ಅಂಡ ಮಾಗಿದ ಮೇಲೆ ಅದರ ಪೊರೆ ಬಿಡಿಸಿ, ಕೋಶಕೇಂದ್ರ ತೆಗೆದು, ಉತ್ತಮ ತಳಿಯ ಎಮ್ಮೆಯ ಜೀವಕೋಶ ಕೂಡಿಸಿ ಅದರದೇ ತದ್ರೂಪಿ ಭ್ರೂಣ ಬೆಳೆಸುವುದು ನಮ್ಮ ಕೆಲಸ. ಪೊರೆಯಿಲ್ಲದ ಭ್ರೂಣಗಳನ್ನು ಒಟ್ಟಿಗಿಟ್ಟರೆ ಅಂಟಿಕೊಂಡು ಕೆಡುತ್ತವೆ, ಬೇರೆ ಮಾಡಿದರೆ ಸೊರಗುತ್ತವೆ. ಪ್ಲಾಸ್ಟಿಕ್ ಡಿಶ್ಶಿನ ತಳದಲ್ಲಿ ಸೂಜಿಯಿಂದ ಗುಳಿ ಒತ್ತಿ, ಗುಳಿಗೊಂದರಂತೆ ಇಟ್ಟು, ಮೇಲೆ ಒಂದೇ ಹನಿ ದ್ರವ ಹರಡುವುದು ಹಳೆಯ ಉಪಾಯವೇ. ಎಷ್ಟು ಆಳ, ಎಷ್ಟು ಅಂತರ ಎಂಬುದು ಮಾತ್ರ ಯಾರಿಗೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಅಜ್ಜಿಯ ಬಳಿ ಫುಲ್ಕಾರಿ ಕಸೂತಿ ಕಲಿತ ನನ್ನ ಬೆರಳಿಗೆ ಎರಡು ವರ್ಷದಲ್ಲಿ ಅದು ಸಿಕ್ಕಿತು. ಏಳನೆಯ ದಿನಕ್ಕೆ ಉಳಿಯುವ ಭ್ರೂಣಗಳು ಎರಡರಷ್ಟಾದವು. ಅದೇ ನನ್ನ ಪಿಎಚ್‌ಡಿಯ ಜೀವ.

ಆ ಅಳತೆ ಇನ್ನೂ ಸಿಗದಿದ್ದಾಗಲೇ ಅಂಕುಶ್ ಪಕ್ಕದಲ್ಲಿ ಕೂತು ನೋಡುತ್ತಿದ್ದ.

“ಬೇರೆ ಬೇರೆ ಮನೆ, ಒಂದೇ ನೀರು. ನಾವೂ ಹೀಗೇ ಇರೋಣ್ವಾ ನಿರ್ಲೇಪ್?”

“ಗುಳೀಲಾ?”

“ರೋಹ್ತಕ್‌ನಲ್ಲಿ, ನಮ್ಮನೇಲಿ. ಅಮ್ಮ ನಿನ್ನ ಕೈ ಅಳತೆ ಕೇಳಿದಾರೆ, ಬಳೆಗೆ.”

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ನಗು ಕಾಣುತ್ತಿತ್ತು.

ಡಿಶ್ ಮಾಡಿದವರು ಮುಚ್ಚಳದ ಮೇಲೆ ತಮ್ಮ ಮೊದಲ ಅಕ್ಷರ ಬರೆಯುವುದು ನಮ್ಮಲ್ಲಿಯ ಪದ್ಧತಿ. ರಿಜಿಸ್ಟರಿಗೂ ಅದೇ ಏರುತ್ತದೆ. ಆ ದಿನದಿಂದ ನನ್ನ ಅಕ್ಷರದ ಪಕ್ಕದಲ್ಲಿ ಅವನದನ್ನೂ ಬರೆಯತೊಡಗಿದೆ. ಹುಡುಗಿಯರು ಅಂಗೈಯ ಮೆಹಂದಿಯಲ್ಲಿ ಹೆಸರು ಬಚ್ಚಿಡುವುದಿಲ್ಲವೇ, ಹಾಗೆ.

ಬೈಸಾಖಿ ಹಬ್ಬದ ಮರುವಾರ ಸಂಸ್ಥೆಯ ವಾರ್ಷಿಕ ಸಭೆ. ಅಂಕುಶ್ ವೇದಿಕೆ ಹತ್ತಿದ. ಪರದೆಯ ಮೇಲೆ ನನ್ನ ಗುಳಿಗಳು, ನನ್ನ ಅಂತರ, ಕೆಳಗೆ ಅವನೊಬ್ಬನ ಹೆಸರು. ಚಪ್ಪಾಳೆ ಬಿತ್ತು. ರೂಢಿಯಿಂದ ನನ್ನ ಕೈಗಳೂ ಎರಡು ಸಲ ತಟ್ಟಿ ನಿಂತವು.

ನಾನು ದೂರಿದ್ದಕ್ಕೆ ಮರುದಿನ ಗೈಡ್ ಸರ್ ನಮ್ಮಿಬ್ಬರನ್ನೂ ಕೂರಿಸಿ ರಿಜಿಸ್ಟರ್ ತೆರೆದರು. “ಫಲ ಕೊಟ್ಟ ಎಲ್ಲಾ ಡಿಶ್ ಮೇಲೂ ಇಬ್ಬರ ಅಕ್ಷರ ಇದೆಯಲ್ಲಮ್ಮ. ಬರೆದದ್ದು ನೀನೇ. ನಿನ್ನೊಬ್ಬಳದೇ ಅಂತ ಹೇಗೆ ನಂಬಲಿ?”

ಮುಚ್ಚಳಗಳ ಫೋಟೊ ತಂದಿಟ್ಟವನು ಅಂಕುಶ್. ಯಾಕೆ ಬರೆದೆನೆಂದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ನಾನು ಅವನತ್ತ ನೋಡಿದೆ. ಅವನು ಫ್ಯಾನಿನತ್ತ ನೋಡಿದ.

“ಕೆಲಸ ಇಬ್ಬರೂ ಮಾಡಿದ್ವಿ ಸರ್,” ಎಂದ.

ಮಧ್ಯಾಹ್ನ ಎಮ್ಮೆ ಕೊಟ್ಟಿಗೆಯ ಹಿಂದೆ ಬಂದು ನಿಂತ.

“ಇಲ್ಲಿ ಖಾಲಿ ಇರೋ ವಿಜ್ಞಾನಿ ಪೋಸ್ಟ್ ಒಂದೇ ಕಣೇ. ನಂಗೆ ಸಿಕ್ಕಿದ್ರೆ ನಮಗೆ ಸಿಕ್ಕಂಗೆ. ಮದುವೆ ಆದ್ಮೇಲೆ ನಿಂದು ನಂದು ಅಂತ ಏನಿರುತ್ತೆ?”

“ಹಾಗಾದ್ರೆ ನನ್ನ ಹೆಸರು ಹಾಕಿ, ನಮ್ಮದು ಅಂದ್ಕೋಬಹುದಿತ್ತಲ್ಲ?”

ಅವನು ಕಣ್ಣು ತುಂಬಿಕೊಂಡ. “ತಪ್ಪಾಯ್ತು ನಿರ್ಲೇಪ್. ಸತ್ಯ ಹೇಳ್ತೀನಿ ಸರ್‌ಗೆ.”

“ಇವತ್ತು?”

“ಇಂಟರ್‌ವ್ಯೂ ಮುಗೀಲಿ.”

ಕೋಪ ಬರಲೆಂದು ಕಾದೆ. ಬರಲಿಲ್ಲ. ಅವನ ಕಿವಿ ಮೊದಲ ದಿನದಷ್ಟೇ ಕೆಂಪಾಗಿತ್ತು, ನನಗೆ ಅದಿನ್ನೂ ಪ್ರಿಯವಾಗಿಯೇ ಇತ್ತು. ವಾಹೆಗುರು, ನೋವೆಂದರೆ ಅದೇ.

“ನಿಮ್ಮಮ್ಮಂಗೆ ನಾನೇ ಫೋನ್ ಮಾಡ್ತೀನಿ,” ಎಂದೆ. “ಲಗ್ನ ಬೇಡ ಅಂತ ಮಾತ್ರ ಹೇಳ್ತೀನಿ. ಯಾಕೆ ಅಂತ ಅವರು ನಿನ್ನನ್ನ ಕೇಳ್ತಾರೆ. ಆಗಲಾದ್ರೂ ನಿಜ ಹೇಳು.”

ಅವನು ಕೈ ಚಾಚಿದ. ಆ ಕೈಯನ್ನು ಒಂದು ಕ್ಷಣ ಹಿಡಿದೆ, ಆಮೇಲೆ ನಿಧಾನವಾಗಿ ಬಿಟ್ಟೆ.