ತಿಮಿಂಗಿಲದ ಸೇತುವೆ

"ಮೋಸ! ಶುದ್ಧ ಮೋಸ!" ಬುಗುರಿ ಊಟದ ಡಬ್ಬಿಯ ಮುಚ್ಚಳವನ್ನು ಮೆಟ್ಟಿಲಿಗೆ ಕುಟ್ಟಿದಳು. "ಸೇತುವೆ ಮೇಲೆ ಹೋಗ್ತಾ ಇದ್ದೆ. ಬಂಡಿ ಧೊಪ್ ಅಂತ ಕೆಳಗೆ! ಅಲ್ಲಿ ರೋಡೇ ಇಲ್ಲ ಕಣ್ರೋ. ರೋಡ್ ಹಾಕೋದನ್ನೇ ಮರೆತಿದ್ದಾರೆ!"

ಕೂತಲ್ಲಿ ಕೂರದವಳು, ನಿಂತಲ್ಲಿ ನಿಲ್ಲದವಳು. ಅದಕ್ಕೇ ಅವಳಿಗೆ ಬುಗುರಿ ಎಂದು ಹೆಸರು. ಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ ಐದನೇ ಕ್ಲಾಸಿನ ಗುಂಪಿಗೆ ಅವತ್ತು ಊಟಕ್ಕಿಂತ ಜಗಳವೇ ರುಚಿಯಾಗಿತ್ತು. ಜಗಳ 'ಹಾರುವ ಬಂಡಿ' ಎಂಬ ಮೊಬೈಲ್ ಗೇಮಿನದು. ಅದರ ಎರಡನೇ ಭಾಗ ಬರುತ್ತದೆಂದು ಎಲ್ಲರೂ ರಜೆಯಿಡೀ ಬಾಯಿ ಬಿಟ್ಟುಕೊಂಡು ಕಾದಿದ್ದರು. ಅದು ಬಂದದ್ದು ಹೀಗೆ.

"ಸೋತ್ರೂ ಆ್ಯಡ್, ಗೆದ್ರೂ ಆ್ಯಡ್. ಒಳ್ಳೆ ಚಕ್ರ ಬೇಕಂದ್ರೆ ದುಡ್ಡು ಕೊಟ್ಟು ನಿಧಿಪೆಟ್ಟಿಗೆ ತಗೋಬೇಕಂತೆ. ಅದರೊಳಗೆ ಚಕ್ರ ಇದ್ರೆ ಇತ್ತು, ಇಲ್ದಿದ್ರೆ ಇಲ್ಲ!"

"ಗೇಮ್ ಫ್ರೀ ತಾನೆ?" ಎಂದ ಲಾಯರ್. ಅವನ ಮನೆಯಲ್ಲಿ ಯಾರೂ ಲಾಯರ್ ಅಲ್ಲ. ಆದರೆ ಯಾರು ಏನೇ ಹೇಳಿದರೂ ಇವನು ಎದುರು ಪಾರ್ಟಿ. "ಗೇಮ್ ಮಾಡೋರಿಗೂ ಸಂಬಳ ಬೇಡ್ವಾ? ಅವರೇನು ಗಾಳಿ ಕುಡ್ಕೊಂಡು ಬದುಕ್ತಾರಾ?"

"ತಗೊಳ್ಳಿ ಸಂಬಳ, ಯಾರು ಬೇಡ ಅಂದ್ರು? ಮೊದ್ಲು ರೋಡ್ ಹಾಕ್ಲಿ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೊಲ. ಮುಂದಿನ ಎರಡು ಹಲ್ಲು ಉದ್ದವಿರುವ ಅವಳು ಬುಗುರಿಯ ಜೀವದ ಗೆಳತಿ.

ಲಾಯರ್ ಸೋಲೊಪ್ಪುವವನಲ್ಲ. "ಬಾಯಲ್ಲಿ ಹೇಳೋದು ಸುಲಭ ಕಣೇ. ನೀನೇ ಒಂದು ಗೇಮ್ ಮಾಡಿ ತೋರ್ಸು ನೋಡೋಣ."

"ಮಾಡ್ತೀನಿ! ಆ್ಯಡ್ ಇರಲ್ಲ, ಪೆಟ್ಟಿಗೆ ಇರಲ್ಲ. ನೋಡ್ತಿರು!"

ಹೇಳಿದ ಮೇಲೆ ಮಾಡಲೇಬೇಕಲ್ಲ. ಪುಣ್ಯಕ್ಕೆ ಬುಗುರಿಯ ಮನೆಯಲ್ಲಿ ರಟ್ಟಿಗೆ ಬರವಿರಲಿಲ್ಲ. ಅವಳ ಅಮ್ಮ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಒಂದು ಕಡೆ ಚಪ್ಪಲಿ ಡಬ್ಬಿಗಳ ಗೋಪುರ, ಇನ್ನೊಂದು ಕಡೆ ಉಂಗುರ ಇಡುವ ಪುಟಾಣಿ ಡಬ್ಬಿಗಳ ರಾಶಿ, ಎಲ್ಲೆಲ್ಲೂ ಗೋಂದಿನ ವಾಸನೆ.

ಬುಗುರಿ ಮೂರು ದೊಡ್ಡ ಮುಚ್ಚಳಗಳನ್ನು ಸಾಲಾಗಿ ಜೋಡಿಸಿದಳು. ಮೊದಲೆರಡರಲ್ಲಿ ಅಂಕುಡೊಂಕು ರಸ್ತೆ, ಸುರಂಗ, ಎತ್ತರದ ಸೇತುವೆ. ಅಂಗಿಯ ಬಟನ್ನೇ ಬಂಡಿ. ಅದನ್ನು ಬೆರಳಿನಿಂದ ಚಿಮ್ಮುತ್ತಾ ಹೋಗಬೇಕು. ರಸ್ತೆ ಬಿಟ್ಟು ಕೆಳಗೆ ಬಿದ್ದರೆ ಮತ್ತೆ ಮೊದಲಿನಿಂದ. ಎರಡು ಮುಚ್ಚಳ ಮುಗಿಯುವಷ್ಟರಲ್ಲಿ ತಾಳ್ಮೆ ಮುಗಿಯಿತು. ಮೂರನೆಯದು ಖಾಲಿಯೇ ಉಳಿಯಿತು. ಇರಲಿ, ಅಲ್ಲಿವರೆಗೆ ಯಾರು ಬರ್ತಾರೆ ಎಂದುಕೊಂಡಳು.

ಮರುದಿನ ಹಿಂದಿನ ಮೆಟ್ಟಿಲ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಆರನೇ ಕ್ಲಾಸಿನವರೂ ಸಾಲು ನಿಂತರು. ಬುಗುರಿಗೆ ಎರಡು ಕೋಡು ಮೂಡಿದವು.

"ಒಂದೇ ಒಂದು ಸಲ," ಎಂದು ಒಬ್ಬ ಗೋಗರೆದ. "ಬಿದ್ದ ಜಾಗದಿಂದಲೇ ಆಡ್ತೀನಿ. ಈ ಸ್ಟಿಕ್ಕರ್ ಕೊಡ್ತೀನಿ."

ಮಿರಿಮಿರಿ ಮಿಂಚುವ ರಾಕೆಟ್ ಸ್ಟಿಕ್ಕರ್ ಅದು. ಒಂದೇ ಸಲ ತಾನೆ, ಎಂದು ಬುಗುರಿ ಒಪ್ಪಿದಳು. ಇದನ್ನು ನೋಡಿದ ಎಲ್ಲರ ಜೇಬಿನಿಂದಲೂ ಸ್ಟಿಕ್ಕರ್ ಹೊರಬಂದವು.

ಅದರ ಮಾರನೆಯ ದಿನ ಬುಗುರಿ ಪುಟಾಣಿ ಡಬ್ಬಿಗಳನ್ನೂ ತಂದಳು. ಸ್ಟಿಕ್ಕರ್ ಕೊಟ್ಟರೆ ಒಂದು ಡಬ್ಬಿ. ಅದೃಷ್ಟವಿದ್ದರೆ ಒಳಗೆ 'ಇನ್ನೊಂದು ಚಾನ್ಸ್' ಎಂಬ ಚೀಟಿ, ಇಲ್ಲದಿದ್ದರೆ ಬರೀ ಡಬ್ಬಿ. ಬಂದ ಸ್ಟಿಕ್ಕರುಗಳನ್ನೆಲ್ಲ ಮೂರನೇ ಮುಚ್ಚಳಕ್ಕೆ ಅಂಟಿಸಿದಳು. ಆಗ ಅದು ಖಾಲಿ ಎಂದು ಗೊತ್ತೇ ಆಗುತ್ತಿರಲಿಲ್ಲ.

ಸೋತವರ ಮುಂದೆ ಎರಡನೇ ಕ್ಲಾಸಿನಲ್ಲಿದ್ದ ಬುಗುರಿಯ ತಮ್ಮ ಎದೆ ಸೆಟೆಸಿ ನಿಂತು ಕೂಗುತ್ತಿದ್ದ. "ಅಮ್ಮನ ಡಬ್ಬಿ! ಗಟ್ಟಿ ಡಬ್ಬಿ! ಆನೆ ಕೂತ್ರೂ ಜಗ್ಗದ ಡಬ್ಬಿ!" ಈ ಆ್ಯಡ್ ಮುಗಿಯುವವರೆಗೆ ಮತ್ತೆ ಆಡುವಂತಿಲ್ಲ. ಅವನ ಕೂಗು ಕೇಳಲಿಕ್ಕೆಂದೇ ಕೆಲವರು ಬೇಕೆಂದೇ ಸೋಲುತ್ತಿದ್ದರು.

ಮೊಲ ಹಾಗಲ್ಲ. ಅವಳಿಗೆ ನಿಜವಾಗಿ ಗೆಲ್ಲಬೇಕಿತ್ತು. ಇದ್ದ ಚಿಕ್ಕ ಸ್ಟಿಕ್ಕರುಗಳೆಲ್ಲ ಖರ್ಚಾದ ಮೇಲೆ ಪುಸ್ತಕದ ನಡುವಿನಿಂದ ಅಂಗೈ ಅಗಲದ ನೀಲಿ ತಿಮಿಂಗಿಲವನ್ನು ಹೊರತೆಗೆದಳು. ಹಾಸ್ಟೆಲಿನಲ್ಲಿ ಓದುವ ಅವಳ ಅಕ್ಕ ಕಳಿಸಿದ್ದು.

"ಇದಕ್ಕೆ ಎರಡು ಡಬ್ಬಿ ಕೊಡ್ತೀಯಾ?"

ಕೊಟ್ಟಳು. ಎರಡೂ ಖಾಲಿ. ಬುಗುರಿಗೆ ಒಂಥರಾ ಆಯಿತು. ಆದರೆ ತಿಮಿಂಗಿಲ ಬಹಳ ಚೆನ್ನಾಗಿತ್ತು. ಅದನ್ನು ಮೂರನೇ ಮುಚ್ಚಳದ ನಟ್ಟನಡುವೆ ಅಂಟಿಸಿಬಿಟ್ಟಳು.

ಮರುದಿನ ಮೊಲ ಡಬ್ಬಿ ಕೇಳಲಿಲ್ಲ. ನಾಲಿಗೆ ಕಚ್ಚಿಕೊಂಡು, ಬಟನ್ನನ್ನು ನಿಧಾನವಾಗಿ ಚಿಮ್ಮುತ್ತಾ ಸುರಂಗ ದಾಟಿದಳು, ಸೇತುವೆ ದಾಟಿದಳು. ಮೂರನೇ ಮುಚ್ಚಳ ಬಂತು. ಅಲ್ಲಿ ರಸ್ತೆ ಇರಲಿಲ್ಲ. ಅವಳದೇ ತಿಮಿಂಗಿಲ ಹಲ್ಲುಕಿರಿಯುತ್ತಿತ್ತು.

"ಇಲ್ಲಿಂದ ಎಲ್ಲಿಗೆ ಹೋಗ್ಬೇಕೇ?"

"ಅದೂ... ಅಪ್‌ಡೇಟ್ ಬರುತ್ತೆ," ಎಂದಳು ಬುಗುರಿ.

ಮೊಲ ಜಗಳ ಆಡಲಿಲ್ಲ. "ಸರಿ ಬಿಡು," ಎಂದು ಬಟನ್ ಎತ್ತಿ ಬುಗುರಿಯ ಕೈಗಿಟ್ಟು ಕ್ಲಾಸಿಗೆ ಹೊರಟುಹೋದಳು.

ಲಾಯರ್ ಮುಂದೆ ಬಂದು ಕೈ ಚಾಚಿದ. "ಕೊಡು ಕೈ! ಸೂಪರ್ ಕಣೇ. ನೀನೂ ಕಂಪನಿ ಆಗ್ಬಿಟ್ಟೆ!"

ಅವನು ಅಣಕಿಸುತ್ತಿರಲಿಲ್ಲ, ನಿಜವಾಗಿ ಹೊಗಳುತ್ತಿದ್ದ. ಅದಕ್ಕೇ ಬುಗುರಿಯ ಮುಖ ಬಿಸಿಯಾಯಿತು.

ಸಂಜೆ ಅವಳು ಉಗುರಿನಿಂದ ಒಂದೊಂದೇ ಸ್ಟಿಕ್ಕರ್ ಬಿಡಿಸಿದಳು. ಚಿಕ್ಕವು ಸಲೀಸಾಗಿ ಬಂದವು. ತಿಮಿಂಗಿಲದ ಬಾಲ ಮಾತ್ರ ಪರ್ ಎಂದು ಹರಿಯಿತು. ಬುಗುರಿಯ ಕಣ್ಣು ತುಂಬಿ ಬಂತು.

"ಬಿಡು, ಇನ್ನೂ ಎಳೀಬೇಡ," ಎಂದಳು ಅಮ್ಮ, ಡಬ್ಬಿಗೆ ಗೋಂದು ಹಚ್ಚುತ್ತಲೇ. "ರಟ್ಟಿನ ಸಮೇತ ಕತ್ತರಿಸ್ಕೋ."

ಬುಗುರಿ ತಿಮಿಂಗಿಲವನ್ನು ರಟ್ಟಿನ ಸಮೇತ ಕತ್ತರಿಸಿದಳು. ಮುಚ್ಚಳದಲ್ಲಿ ದೊಡ್ಡ ತೂತಾಯಿತು. ತೂತನ್ನು ನೋಡಿದಳು, ತಿಮಿಂಗಿಲವನ್ನು ನೋಡಿದಳು. ಸರಕ್ಕನೆ ಎದ್ದು ನೀಲಿ ಬಣ್ಣ ಹುಡುಕಿದಳು.

ತೂತು ಸಮುದ್ರವಾಯಿತು. ಎರಡು ಪುಟಾಣಿ ಡಬ್ಬಿಗಳ ಮೇಲೆ ತಿಮಿಂಗಿಲ ಸೇತುವೆಯಾಗಿ ನಿಂತಿತು. ಹರಿದ ಬಾಲವನ್ನು ಪೆನ್ನಿನಿಂದ ಬರೆದು ಸೇರಿಸಿದಳು. ಬಟನ್ ಚಿಮ್ಮಿದ ಕೂಡಲೇ ಸೇತುವೆ ಜರಿದು ತಿಮಿಂಗಿಲ ಮುಳುಗಿತು.

"ಗೋಂದು ಒಣಗ್ಬೇಕಲ್ವೇನೇ?" ಅಮ್ಮ ನಕ್ಕಳು. "ಭಾರ ಹೇರಿ ಇಡು. ನಾಳೆ ಸಂಜೆವರೆಗೂ ಮುಟ್ಬೇಡ."

"ನಾಳೆ ಎಲ್ರೂ ಗೇಮ್ ಎಲ್ಲಿ ಅಂತಾರಮ್ಮ!"

"ಒಣಗಿಲ್ಲ ಅನ್ನು."

ಒಂದಿಡೀ ದಿನ ಸುಮ್ಮನೆ ಕಾಯುವುದೆಂದರೆ ಬುಗುರಿಗೆ ಶಿಕ್ಷೆಯೇ. 'ಹಾರುವ ಬಂಡಿ'ಯ ಕಂಪನಿಯಲ್ಲೂ ಯಾರಿಗೋ ಹೀಗೇ ಕಾಯಲಾಗಲಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು. ಒಣಗಿದ ಮೇಲೂ ಅವಳು ಗೇಮನ್ನು ಕೂಡಲೇ ಬ್ಯಾಗಿಗೆ ಹಾಕಲಿಲ್ಲ. ತಾನೇ ಆಡಿದಳು, ತಮ್ಮನಿಂದ ಆಡಿಸಿದಳು, ಅಮ್ಮನನ್ನೂ ಬಿಡಲಿಲ್ಲ. ಅಮ್ಮ ಚಿಮ್ಮಿದ ಬಟನ್ ಗೋಂದಿನ ಡಬ್ಬಕ್ಕೇ ಹೋಗಿ ಬಿತ್ತು.

ಎರಡು ದಿನದ ಮೇಲೆ ಮೆಟ್ಟಿಲ ಹತ್ತಿರ ಮತ್ತೆ ಗುಂಪು ಸೇರಿತು. ಬುಗುರಿ ಎಲ್ಲರಿಗೂ ಒಂದೊಂದು ಡಬ್ಬಿ ಹಂಚಿದಳು. ತೆರೆದರೆ ಒಳಗೆ ಅವರವರದೇ ಸ್ಟಿಕ್ಕರ್!

"ಹಾಗಾದ್ರೆ ನಿಂಗೇನೇ ಲಾಭ?" ಲಾಯರಿಗೆ ತಲೆಬುಡ ಅರ್ಥವಾಗಲಿಲ್ಲ.

"ಆ್ಯಡ್ ಇದೆಯಾ?" ಎಂದು ಒಬ್ಬ ಆಸೆಯಿಂದ ಕೇಳಿದ.

"ಬೇಕು ಅಂದೋರಿಗೆ ಇದೆ," ಎಂದ ತಮ್ಮ, ಗಂಟಲು ಸರಿಮಾಡಿಕೊಳ್ಳುತ್ತಾ.

ಮೊಲ ದೂರದಲ್ಲೇ ನಿಂತಿದ್ದಳು. ಬುಗುರಿ ಹೋಗಿ ಕೈಹಿಡಿದು ಎಳೆದು ತಂದಳು. ಮೊಲ ಸೇತುವೆಯನ್ನು ಬಗ್ಗಿ ನೋಡಿದಳು.

"ಬಾಲ ಯಾಕೆ ಹೀಗಿದೆ?"

"ಕೀಳೋಕೆ ಹೋದೆ, ಹರಿದೋಯ್ತು. ಸಾರಿ ಕಣೇ."

ಮೊಲ ಬಾಲದ ಮೇಲೆ ಬೆರಳಾಡಿಸಿದಳು. ಆಮೇಲೆ ಪೆನ್ನು ತೆಗೆದು ಬಾಲದ ಪಕ್ಕದಲ್ಲಿ ನೀರಿನ ಹನಿಗಳನ್ನು ಬರೆದಳು. ಈಗ ಬಾಲ ನಿಜವಾಗಿ ನೀರಿಗೆ ಬಡಿಯುತ್ತಿರುವಂತೆ ಕಂಡಿತು. ಬಳಿಕ ಬಟನ್ನಿಗೆ ಕೈ ಚಾಚಿದಳು.

ಸುರಂಗದಲ್ಲಿ ಎರಡು ಸಲ ಸೋತಳು. ಮೂರನೇ ಸಲ ಎತ್ತರದ ಸೇತುವೆಯನ್ನೂ ದಾಟಿದಳು. ಕೊನೆಗೆ ಚಿಮ್ಮಿದ ಬಟನ್ ಜಾರುತ್ತಾ ಹೋಗಿ ತಿಮಿಂಗಿಲದ ಬೆನ್ನ ಮೇಲೆ ನಿಂತಿತು. ಮೊಲ ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಂದೇ ಕಣ್ಣು ತೆರೆದಳು.

"ಬೀಳ್ಲಿಲ್ಲ!"

"ಬೀಳಲ್ಲ," ಎಂದಳು ಬುಗುರಿ. "ನಾನು ಆಡಿ ನೋಡಿದೀನಿ."

ಮೊಲ ಮತ್ತೆ ನಾಲಿಗೆ ಕಚ್ಚಿಕೊಂಡು ಬೆರಳು ಮಡಚಿದಳು. ಬುಗುರಿ ಅವಳ ಪಕ್ಕದಲ್ಲಿ, ಅಲ್ಲಾಡದೆ ಕೂತಿದ್ದಳು.